ತುಂಗಮ್ಮನವರ ಬಾಯಲ್ಲಿ ನಮ್ಮಮ್ಮ

ಪೀಣ್ಯದಲ್ಲಿ ಮೆಟ್ರೊ ಹತ್ತಿ ಮಾದಾವರದಲ್ಲಿ ಇಳಿಯುವವರೆಗೂ ನನಗೊಂದು ಕೆಲಸವಿದೆ. ಉಳಿದವರು ಫೋನು ನೋಡುತ್ತಾರೆ, ನಾನು ನಿಲ್ದಾಣಗಳ ಹೆಸರು ಹೇಳುವ ಹೆಂಗಸಿನ ದನಿ ಕೇಳುತ್ತೇನೆ. ಆಕೆ ಯಾರೋ, ಮನೆಯಲ್ಲಿ ಮಕ್ಕಳನ್ನು ಬಯ್ಯುವಾಗಲೂ ಹೀಗೇ ನುಣ್ಣಗೆ ಬಯ್ಯುತ್ತಾಳೋ, ಆಕೆಗೆ ನೆಗಡಿಯಾದರೆ ರೈಲಿನ ಗತಿಯೇನೋ ಎಂದೆಲ್ಲ ಯೋಚಿಸುತ್ತೇನೆ. ಮೊನ್ನೆ ಹೀಗೇ ತೂಕಡಿಸುತ್ತಿದ್ದವನು, ಬಾಗಿಲಿಂದ ದೂರ ನಿಲ್ಲಿ ಎಂದು ಆಕೆ ಹೇಳಿದ ಕೂಡಲೇ ಗಟ್ಟಿಯಾಗಿ, ‘ಆಯ್ತಮ್ಮ’ ಎಂದುಬಿಟ್ಟೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ನನ್ನನ್ನೊಮ್ಮೆ ನೋಡಿ, ಚೀಲವನ್ನು ಮಡಿಲಿಗೆಳೆದುಕೊಂಡು, ಎರಡು ಸೀಟು ಆಚೆ ಹೋಗಿ ಕುಳಿತಳು. ಐವತ್ತೆರಡು ವರ್ಷದ, ತಲೆ ನೆರೆತ, ಎದೆಯ ಮೇಲೆ ಕಾರ್ಖಾನೆಯ ಗುರುತಿನ ಚೀಟಿ ತೂಗುಹಾಕಿಕೊಂಡ ಗಂಡಸು ರೈಲಿನೊಂದಿಗೆ ಮಾತಾಡಿದರೆ ಇನ್ನೇನು ಮಾಡಿಯಾಳು?

ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಮೈಯಿಲ್ಲದ ದನಿಯೊಂದು ನಮ್ಮ ಮನೆಯಲ್ಲಿ ಏಳೆಂಟು ತಿಂಗಳು ಇತ್ತು. ಅದನ್ನು ಮನೆಯೊಳಗೆ ಕರೆತಂದವನು ನಾನೇ.

ನಾವು ಮಾದನಾಯಕನಹಳ್ಳಿಯ ಹಳೆಯ ಒಕ್ಕಲು. ತುಮಕೂರು ರಸ್ತೆ ಅಗಲವಾದ ಮೇಲೆ ರಾಗಿ ಹೊಲ ಗೋಡೌನಾಯಿತು, ದನದ ಕೊಟ್ಟಿಗೆ ಬಾಡಿಗೆ ಮನೆಯಾಯಿತು, ನಾನು ಪೀಣ್ಯದ ಬೇರಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆದೆ. ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವುದು ನನ್ನ ವೃತ್ತಿ. ಮನೆಯಲ್ಲಿ ಉಪ್ಪು ಹೆಚ್ಚಾದದ್ದೂ ನನಗೆ ತಿಳಿಯುವುದಿಲ್ಲ ಎಂಬುದು ಹೆಂಡತಿ ಸುಮಾಳ ದೂರು.

ನಮ್ಮ ಗೋಡೌನಿಗೆ ಮೊದಲು ಟೈಲ್ಸ್ ತುಂಬುವವರು ಬಂದರು, ಅವರು ಬಿಟ್ಟ ಮೇಲೆ ಟೀವಿ ಧಾರಾವಾಹಿಯವರು ಬಂದರು. ಒಳಗೆ ಪ್ಲೈವುಡ್ಡಿನಲ್ಲಿ ದೊಡ್ಡದೊಂದು ಮನೆ ಕಟ್ಟಿದರು. ದೇವರ ಮನೆ, ತೂಗುಮಂಚ, ಅಡುಗೆ ಮನೆ ಎಲ್ಲ ಇದ್ದವು, ಸೂರು ಮಾತ್ರ ಇರಲಿಲ್ಲ. ಮೆಟ್ಟಿಲುಗಳು ಮೇಲೆ ಹೋಗಿ ಗಾಳಿಯಲ್ಲಿ ನಿಲ್ಲುತ್ತಿದ್ದವು. ಮಲಗುವ ಕೋಣೆಯ ಬಾಗಿಲು ತೆರೆದರೆ ಹಿಂದೆ ಕಪ್ಪು ಬಟ್ಟೆ. ನಮ್ಮಮ್ಮ ಲಕ್ಕಮ್ಮ ಒಂದು ದಿನ ನೋಡಲು ಹೋದವಳು ಆ ಅಡುಗೆ ಮನೆಯ ನಡುವೆ ನಿಂತು, ಇಲ್ಲಿಯೇ ಅಲ್ಲವೇ ನಾನು ನಲವತ್ತು ವರ್ಷ ಕಳೆ ಕಿತ್ತದ್ದು ಎಂದು ಕಾಲಿನಿಂದ ನೆಲ ಒತ್ತಿ ಒತ್ತಿ ನೋಡಿ ಬಂದಳು. ಮತ್ತೆ ಆ ಕಡೆ ಹೋಗಲಿಲ್ಲ.

ಆ ಧಾರಾವಾಹಿಯವರ ಜೊತೆಗೇ ಬಂದವರು ತುಂಗಮ್ಮ. ಶೂಟಿಂಗಿಗೆ ನಡೆದುಹೋಗುವಷ್ಟು ಹತ್ತಿರ ಎಂದು ನಮ್ಮ ಹಿಂದಿನ ಬಾಡಿಗೆ ಮನೆ ಹಿಡಿದರು. ಅರವತ್ತೈದರ ಆಸುಪಾಸಿನ, ಸಣ್ಣ ಮೈಕಟ್ಟಿನ, ಒಂಟಿ ಹೆಂಗಸು. ಹರಿಹರದ ಕಡೆಯವರು, ಹುಟ್ಟಿದ್ದು ನಾಟಕ ಕಂಪನಿಯ ಟೆಂಟಿನಲ್ಲಿ. ಆರನೇ ವಯಸ್ಸಿಗೆ ಅವರು ಕಟ್ಟಿದ ಮೊದಲ ಪಾತ್ರ, ಹಾವು ಕಚ್ಚಿ ಸತ್ತ ಮಗುವಿನದು. ಎರಡು ಹಾಡು ಮುಗಿಯುವವರೆಗೆ ಸೊಳ್ಳೆ ಕಚ್ಚಿದರೂ ಅಲುಗದೆ ಮಲಗಿರಬೇಕಿತ್ತಂತೆ. ಆಮೇಲೆ ರಾಜಕುಮಾರಿಯ ಗೆಳತಿ, ಕಂಪನಿ ಮುಳುಗಿದ ಮೇಲೆ ಸಿನಿಮಾ. ‘ಹೀರೊನ ತಾಯಿ ಅಂದ್ಕೋಬೇಡಿ, ಹೀರೊನ ತಾಯಿಗೆ ಸುದ್ದಿ ತರೋ ಪಕ್ಕದ ಮನೆಯವಳು’ ಎನ್ನುತ್ತಿದ್ದರು. ಸೂಲಗಿತ್ತಿ, ಮಠದ ಅಡುಗೆಯವಳು, ಗುಡಿಸಲಿಗೆ ಬೆಂಕಿ ಬಿದ್ದಾಗ ಎದೆ ಬಡಿದುಕೊಳ್ಳುವವಳು. ಬಸ್ಸಿನಲ್ಲಿ ಜನ ಅವರನ್ನು ದಿಟ್ಟಿಸಿ ನೋಡಿ, ನೀವು ನಮ್ಮ ದೊಡ್ಡಮ್ಮನ ಕಡೆಯವರಲ್ಲವೇ ಎಂದು ಕೇಳುತ್ತಿದ್ದರು. ಮುಖ ಎಲ್ಲರಿಗೂ ಪರಿಚಯ, ಹೆಸರು ಒಬ್ಬರಿಗೂ ಗೊತ್ತಿಲ್ಲ.

ಅವರ ನಿಜವಾದ ಅನ್ನ ಇದ್ದದ್ದು ಗಂಟಲಿನಲ್ಲಿ. ಕನ್ನಡ ಬಾರದ ನಟಿಯರಿಗೆ, ಗಂಟಲು ಕೆಟ್ಟ ಮುದುಕಿಯರಿಗೆ ಡಬ್ಬಿಂಗಿನಲ್ಲಿ ಮಾತು ಕೊಡುತ್ತಿದ್ದರು. ಒಬ್ಬರ ಮಾತು ಎರಡು ದಿನ ಕೇಳಿದರೆ ಸಾಕು, ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ ಎಂಬುದೂ ಅವರಿಗೆ ಗೊತ್ತಾಗುತ್ತಿತ್ತು.

ಅಮ್ಮನಿಗೂ ಅವರಿಗೂ ಹೇಗೋ ನಂಟು ಬೆಳೆಯಿತು. ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕುಳಿತು ಅಮ್ಮ ಅವರೆಕಾಯಿ ಸುಲಿಯುತ್ತಾ, ಧಾರಾವಾಹಿಯ ಕಥೆಯನ್ನು ಅದರಲ್ಲಿ ನಟಿಸುವ ತುಂಗಮ್ಮನಿಗೇ ಬಿಡಿಸಿ ಹೇಳುತ್ತಿದ್ದಳು. ಆ ಸೊಸೆ ಹುಡುಗಿಯ ಹಾಲಿಗೆ ಯಾಕೆ ವಿಷ ಬೆರೆಸಿದಿರಿ ಎಂದು ಅಮ್ಮ ಒಮ್ಮೆ ನಿಜವಾಗಿಯೇ ತರಾಟೆಗೆ ತೆಗೆದುಕೊಂಡಳು. ‘ಸಂಬಳಕ್ಕೆ ಲಕ್ಕಕ್ಕ’ ಎಂದು ತುಂಗಮ್ಮ ತಲೆ ತಗ್ಗಿಸಿದರು. ಐದು ವರ್ಷ ಹೀಗೆ ನಡೆಯಿತು.

ಆರನೆಯ ವರ್ಷ ಸಂಕ್ರಾಂತಿ ಕಳೆದ ವಾರ, ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ಒಳಗೆ ಬಂದ ಅಮ್ಮ ಹೊಸ್ತಿಲ ಮೇಲೆ ಕುಳಿತಳು, ಏಳಲಿಲ್ಲ.

ಅಪ್ಪನಿಗೆ ಆಗಲೇ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ತಿಥಿ ಮುಗಿಯುವವರೆಗೆ ಹೇಗೋ ಇದ್ದ. ಆಮೇಲೆ ಊಟ ಬಿಟ್ಟ. ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ, ಹಸಿವಿಲ್ಲ ಎಂದಷ್ಟೇ ಹೇಳುತ್ತಿದ್ದ. ನಾನು ಗದರಿದೆ, ಸುಮಾ ಬೇಡಿಕೊಂಡಳು, ಚಂದಾಪುರದಿಂದ ತಂಗಿ ಬಂದು ತುತ್ತು ಮಾಡಿ ಬಾಯಿಗಿಟ್ಟಳು. ಮುದ್ದೆಯ ತುತ್ತು ಬಾಯಲ್ಲಿ ಹಾಗೇ ಇರುತ್ತಿತ್ತು. ಮಾತ್ರೆ ನುಂಗಿಸಿ ಹೊಟ್ಟೆ ಖಾಲಿ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಆವತ್ತು ನಾನು ತುಂಗಮ್ಮನ ಬಾಗಿಲಿಗೆ ಹೋದೆ. ಕೇಳಬೇಕಾದದ್ದನ್ನು ಕೇಳಲು ನಾಚಿಕೆಯಾಗಿ ಮೊದಲು ನಲ್ಲಿ ಸೋರುತ್ತಿದೆಯೇ, ಬಲ್ಬು ಸರಿಯಿದೆಯೇ ಎಂದೆಲ್ಲ ವಿಚಾರಿಸಿದೆ. ಆಮೇಲೆ ಒಂದೇ ಉಸಿರಿಗೆ ಕೇಳಿಬಿಟ್ಟೆ. ಅಮ್ಮನ ದನಿಯಲ್ಲಿ ಒಂದು ಸಲ, ಒಂದೇ ಸಲ, ಊಟಕ್ಕೆ ಕರೆಯಿರಿ ಎಂದೆ.

ಅವರು ಉತ್ತರದ ಬದಲು ತಮ್ಮ ತಾಯಿಯ ಕಥೆ ಹೇಳಿದರು. ತಾಯಿ ಕಂಪನಿಯ ದೊಡ್ಡ ನಟಿ. ಎದೆಯ ಕಾಯಿಲೆಯಿಂದ ದನಿ ನಿಂತುಹೋಯಿತು. ಅವರ ಹೆಸರಿಲ್ಲದೆ ಟಿಕೆಟ್ ಹೋಗುತ್ತಿರಲಿಲ್ಲವಾದ್ದರಿಂದ ಮಾಲೀಕ ಒಂದು ಉಪಾಯ ಹೂಡಿದ. ತಾಯಿ ರಂಗದ ಮೇಲೆ ತುಟಿ ಆಡಿಸುವುದು, ಹದಿಮೂರು ವರ್ಷದ ತುಂಗ ಪರದೆಯ ಮರೆಯಲ್ಲಿ ನಿಂತು ತಾಯಿಯ ದನಿಯಲ್ಲಿ ಮಾತಾಡುವುದು. ಎರಡು ಕ್ಯಾಂಪು ಹೀಗೇ ನಡೆಯಿತು. ಮೂರನೆಯ ಊರಿನಲ್ಲಿ, ಕಾಯಿಲೆಯ ರಾಣಿ ಮಂಚದ ಮೇಲೆ ಮಲಗಿ ಮಗನಿಗೆ ಬುದ್ಧಿ ಹೇಳುವ ದೃಶ್ಯ.

‘ನಾನು ಹೇಳ್ತಾನೇ ಇದ್ದೆ ನಂಜುಂಡಪ್ಪ. ಜನ ಚಪ್ಪಾಳೆ ಹೊಡೆದ್ರು. ಪರದೆ ಬಿದ್ಮೇಲೆ ಹೋಗಿ ಮುಟ್ಟಿದ್ರೆ ಅಮ್ಮನ ಕೈ ತಣ್ಣಗಿತ್ತು. ಎಷ್ಟು ಮಾತು ಬದುಕಿದ್ದೋಳ್ದು, ಎಷ್ಟು ಮಾತು ಹೆಣದ್ದು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಸತ್ತೋರ ದನಿ ಎತ್ತಬಾರ್ದಪ್ಪ.’

ನಾನು ಎದ್ದು ಬಂದೆ. ಮರುದಿನ ಮಧ್ಯಾಹ್ನ ಅವರೇ ಬಂದರು. ಅಪ್ಪ ಗೋಡೆಗೆ ಒರಗಿ ಕುಳಿತದ್ದನ್ನು, ಕುತ್ತಿಗೆಯ ಮೂಳೆ ಎದ್ದದ್ದನ್ನು ಕಿಟಕಿಯಿಂದ ನೋಡಿದ್ದರಂತೆ. ಒಂದು ಷರತ್ತು ಹಾಕಿದರು. ತಾವು ಮಾತಾಡುವಾಗ ಯಾರೂ ನೋಡಬಾರದು, ಯಾರೂ ಒಳಗೆ ಬರಬಾರದು, ನಡುವೆ ಬಾಯಿ ಹಾಕಬಾರದು.

ನಾನು ಜಗಲಿಯ ಮೇಲೆ ನಿಂತಿದ್ದೆ. ಒಳಗೆ ತಟ್ಟೆಯ ಸದ್ದಾಯಿತು. ಆಮೇಲೆ ನಮ್ಮಮ್ಮ ಮಾತಾಡಿದಳು.

‘ಏಳಿ, ಮುದ್ದೆ ಆರೋಯ್ತದೆ. ಆಮೇಲೆ ಕಲ್ಲಾಯ್ತು ಅಂತ ನನ್ನೇ ಅಂತೀರ.’

ಜಗಲಿಯ ಕಂಬ ಹಿಡಿದುಕೊಂಡು ಕುಳಿತೆ. ಅನುಕರಣೆ ಎಂದರೆ ಎಲ್ಲೋ ಒಂದು ಕಡೆ ಹೊಂದದೆ ಉಳಿಯುತ್ತದೆ, ಅದನ್ನು ಹಿಡಿಯುವವನು ನಾನು. ಇದರಲ್ಲಿ ಹಿಡಿಯಲು ಏನೂ ಇರಲಿಲ್ಲ. ಅಮ್ಮ ಮಾತು ಮುಗಿಸಿದ ಮೇಲೆ ಮೂಗಿನಲ್ಲಿ ಬಿಡುತ್ತಿದ್ದ ಆ ಸಣ್ಣ ನಿಟ್ಟುಸಿರು ಕೂಡ ಇತ್ತು. ಅಪ್ಪ ಒಂದೂವರೆ ಮುದ್ದೆ ಉಂಡ.

ಒಂದು ಸಲ ಎಂದದ್ದು ದಿನಾ ಆಯಿತು. ಸುಮಾ ಎಂಟು ಗಂಟೆಗೆ ಗಾರ್ಮೆಂಟ್ಸಿಗೆ ಹೊರಡುವಾಗ ಅಡುಗೆ ಮುಚ್ಚಿಟ್ಟು ಹೋಗುತ್ತಿದ್ದಳು. ಎರಡೂವರೆಯ ಬಿಡುವಿನಲ್ಲಿ ತುಂಗಮ್ಮ ಶೂಟಿಂಗಿನಿಂದ ಬಣ್ಣದ ಮುಖದಲ್ಲೇ ಬಂದು ಬಡಿಸಿ, ಎಂಜಲು ತಟ್ಟೆ ಸಿಂಕಿನಲ್ಲಿ ಹಾಕಿ ಓಡುತ್ತಿದ್ದರು. ನಾನು ಮೊದಲ ಪಾಳಿ ಮುಗಿಸಿ ಬರುವ ಹೊತ್ತಿಗೆ ಅಪ್ಪ ಮೂತಿ ಒರೆಸಿಕೊಳ್ಳುತ್ತಿರುತ್ತಿದ್ದ. ಕೆನ್ನೆ ತುಂಬಿತು. ನಾನು ಬುದ್ಧಿವಂತನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೇಸಿಗೆಯ ಹೊತ್ತಿಗೆ ಇನ್ನೊಂದಾಯಿತು. ತುಂಗಮ್ಮ ಅದೇ ಗೋಡೌನಿನಲ್ಲಿ ಶುರುವಾದ ಹೊಸ ಧಾರಾವಾಹಿಯೊಂದರಲ್ಲಿ ಮುದುಕಿಯ ಪಾತ್ರ ಹಿಡಿದಿದ್ದರು. ವಾರಕ್ಕೆ ಎರಡು ಮಾತು, ಅಷ್ಟೇ. ಒಂದು ದಿನ ಅಪ್ಪನಿಗೆ ಬಡಿಸಿ ಅವಸರದಲ್ಲಿ ಹೋಗಿ ಕ್ಯಾಮೆರಾ ಮುಂದೆ ಬಾಯಿ ತೆರೆದರೆ ಬಂದದ್ದು ಅಮ್ಮನ ದನಿ. ನಿರ್ದೇಶಕ ಹುಡುಗ ಬೆರಗಾಗಿ, ಇದೇ ಇರಲಿ ಅಮ್ಮಾ ಎಂದನಂತೆ. ಪಾತ್ರ ಬೆಳೆಯಿತು. ಎರಡು ತಿಂಗಳಲ್ಲಿ ಇಡೀ ಧಾರಾವಾಹಿ ಆ ಮುದುಕಿಯ ಸುತ್ತಲೇ ತಿರುಗತೊಡಗಿತು. ಅರವತ್ತು ವರ್ಷ ಬಣ್ಣ ಹಚ್ಚಿದ ಮೇಲೆ ಮೊದಲ ಬಾರಿಗೆ ತುಂಗಮ್ಮನ ಮುಖ ಬಸ್ಸಿನ ಹಿಂಬದಿಯ ಜಾಹೀರಾತಿನಲ್ಲಿ ಬಂತು. ಅವರು ನನ್ನ ಮುಂದೆ ತಪ್ಪು ಮಾಡಿದವರಂತೆ ನಿಂತು ಕೇಳಿದರು, ಬೇಡವೆಂದರೆ ನಿಲ್ಲಿಸುತ್ತೇನೆ ಎಂದರು. ನಾನು ದೊಡ್ಡ ಮನಸ್ಸಿನಿಂದ ಒಪ್ಪಿದೆ. ನನಗೂ ಒಳಗೊಳಗೆ ಜಂಬ.

ಮೊದಲ ದಿನ ಚಂದಾಪುರದ ತಂಗಿ ಫೋನು ಮಾಡಿ, ಟೀವಿಯಲ್ಲಿ ಅಮ್ಮ ಮಾತಾಡುತ್ತಿದ್ದಾಳೆ ಎಂದು ಅತ್ತಳು. ಆಮೇಲೆ ಒಂದು ದಿನವೂ ತಪ್ಪಿಸದೆ ನೋಡತೊಡಗಿದಳು.

ಸಂಜೆ ಏಳೂವರೆಗೆ ಹಾಲು ತರಲು ಹೋಗುವುದು ನನ್ನ ಪಾಲಿನ ಕೆಲಸ. ನಮ್ಮ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಎಲ್ಲ ಬಾಗಿಲೂ ತೆರೆದಿರುತ್ತವೆ. ಮೊದಲ ಮನೆ ದಾಟುವಾಗ ಅಮ್ಮ ಒಂದು ಮಾತು ಶುರು ಮಾಡುತ್ತಿದ್ದಳು. ಎರಡನೆಯ ಮನೆಯಿಂದ ಅದು ಮುಂದುವರಿಯುತ್ತಿತ್ತು. ಮೂರನೆಯ ಮನೆ, ನಾಲ್ಕನೆಯ ಮನೆ. ನಾನು ನಿಧಾನ ಮಾಡಿದರೂ ಬೇಗ ನಡೆದರೂ ದನಿ ನನ್ನ ಪಕ್ಕದಲ್ಲೇ ಬರುತ್ತಿತ್ತು. ಮಾತುಗಳು ಮಾತ್ರ ಅವಳವಲ್ಲ. ವಜ್ರದ ನೆಕ್ಲೇಸು, ವಿದೇಶದ ಕಂಪನಿ, ವಂಶದ ಮರ್ಯಾದೆ. ನಮ್ಮಮ್ಮ ಜನ್ಮದಲ್ಲಿ ವಜ್ರ ಕಂಡವಳಲ್ಲ. ಅವಳ ಗಂಟಲಿನಲ್ಲಿ ಯಾರೋ ಪರರು ಕುಳಿತು ಮಾತಾಡಿದ ಹಾಗಿತ್ತು. ಕೆಲವು ದಿನ ಹಾಲಿಲ್ಲದೆ ವಾಪಸು ಬಂದು ಬೈಸಿಕೊಂಡಿದ್ದೇನೆ.

ಆಶ್ವೀಜದಲ್ಲಿ ಒಂದು ವಾರ, ಸೋಮವಾರದಿಂದ ಗುರುವಾರದವರೆಗೆ, ಎಂದಿನಂತೆಯೇ ಕಳೆಯಿತು. ನಾನು ಬರುವಾಗ ಅಪ್ಪ ಉಂಡು ಕುಳಿತಿರುತ್ತಿದ್ದ, ತಟ್ಟೆ ತೊಳೆದು ಹಿತ್ತಲ ಒರಳುಕಲ್ಲಿನ ಮೇಲೆ ಬೋರಲು ಹಾಕಿರುತ್ತಿತ್ತು. ಬುಧವಾರ ಸ್ವಲ್ಪ ಬೇಗ ಬಂದೆ. ಜಗಲಿ ಹತ್ತುವಾಗ ಒಳಗಿನಿಂದ ದನಿ ಕೇಳಿಸಿತು. ಷರತ್ತು ನೆನಪಾಗಿ ಹೊರಗೇ ನಿಂತೆ. ರಸ್ತೆಯಲ್ಲಿ ಕಂಟೇನರ್ ಲಾರಿಯೊಂದು ಕೂಗುತ್ತಾ ಹಿಂದಕ್ಕೆ ಬರುತ್ತಿದ್ದುದರಿಂದ ಮಾತು ಸ್ಪಷ್ಟವಾಗಲಿಲ್ಲ. ದನಿ ನಿಂತ ಮೇಲೂ ಐದು ನಿಮಿಷ ಕಾದು ಒಳಗೆ ಹೋದೆ.

ಶುಕ್ರವಾರ ಮಧ್ಯಾಹ್ನ ತುಂಗಮ್ಮ ಚೀಲ ಹೊತ್ತು, ಧೂಳು ಮೆತ್ತಿದ ಸೀರೆಯಲ್ಲಿ ಬಂದರು. ಬಂದವರೇ ಕ್ಷಮೆ ಕೇಳಿದರು. ಸೋಮವಾರ ಬೆಳಗಿನ ಜಾವ ಶೂಟಿಂಗಿನ ವ್ಯಾನು ಬಂದು ಸಂಜೆಗೆ ವಾಪಸು ಎಂದು ಕರೆದೊಯ್ದರಂತೆ, ಚಾಮರಾಜನಗರದ ಆಚೆ ಕಾಡಿನಲ್ಲಿ ನಾಲ್ಕು ದಿನ ಇಟ್ಟುಕೊಂಡರಂತೆ, ಫೋನು ಸಿಗಲಿಲ್ಲವಂತೆ. ‘ಅಪ್ಪಾಜಿ ಊಟ ಹೆಂಗೆ ಮಾಡಿದ್ರಪ್ಪ?’

ತಮಾಷೆ ಮಾಡಬೇಡಿ, ಬುಧವಾರ ನಾನೇ ನಿಮ್ಮ ದನಿ ಕೇಳಿದ್ದೇನೆ ಎಂದು ನಕ್ಕೆ. ಅವರು ನಗಲಿಲ್ಲ. ಚೀಲ ಕೆಳಗಿಟ್ಟು, ಅಲ್ಲೇ ನೆಲದ ಮೇಲೆ ಕುಳಿತರು.

ಸುಮಾಳನ್ನು ಕೇಳಿದೆ. ನಾಲ್ಕು ದಿನವೂ ಡ್ಯೂಟಿಗೆ ಹೋಗಿದ್ದಳು. ಪಕ್ಕದ ಮನೆಯವರು ಧರ್ಮಸ್ಥಳಕ್ಕೆ ಹೋಗಿ ಬೀಗ ಹಾಕಿತ್ತು. ಒರಳುಕಲ್ಲಿನ ಮೇಲೆ ತಟ್ಟೆ ಬೋರಲು ಹಾಕುವ ಅಭ್ಯಾಸ ನಮ್ಮ ಮನೆಯಲ್ಲಿ ಅಮ್ಮನೊಬ್ಬಳಿಗೇ ಇದ್ದದ್ದು.

ಆದರೂ ನಾನು ಇನ್‌ಸ್ಪೆಕ್ಟರ್. ಲೋಪಕ್ಕೆ ಕಾರಣ ಹುಡುಕದೆ ಬಿಡುವವನಲ್ಲ. ಎರಡು ದಿನ ಯೋಚಿಸಿ ಉತ್ತರ ಬರೆದುಕೊಂಡೆ. ಹಸಿವಾದಾಗ ಅಪ್ಪ ತಾನೇ ತಡಕಿಕೊಂಡು ಉಂಡಿದ್ದಾನೆ, ತಾನೇ ತೊಳೆದಿದ್ದಾನೆ. ಆ ಧಾರಾವಾಹಿ ಮಧ್ಯಾಹ್ನ ಎರಡೂವರೆಗೆ ಮರುಪ್ರಸಾರವಾಗುತ್ತದೆ. ಯಾರದೋ ಮನೆಯ ಟೀವಿಯ ದನಿ ನನಗೆ ನಮ್ಮ ಮನೆಯದೆಂದು ಕೇಳಿಸಿದೆ. ಈ ಉತ್ತರವನ್ನು ತುಂಗಮ್ಮನಿಗೂ ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಅಪ್ಪನನ್ನು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವತ್ತಿನಿಂದ ತುಂಗಮ್ಮ ಬಡಿಸುವಾಗ ಬಾಯಿ ತೆರೆಯುತ್ತಿರಲಿಲ್ಲ, ತಟ್ಟೆಯನ್ನು ಸದ್ದಾಗುವಂತೆ ಇಟ್ಟು ಪಕ್ಕದಲ್ಲಿ ಕುಳಿತಿರುತ್ತಿದ್ದರು. ಅಪ್ಪ ಉಣ್ಣುತ್ತಿದ್ದ.

ಮುಂದಿನ ವಾರ ಧಾರಾವಾಹಿಯ ಮುದುಕಿ ಸಾಯಬೇಕಿತ್ತು. ಜನ ಅವಳನ್ನು ಅಷ್ಟು ಹಚ್ಚಿಕೊಂಡಿದ್ದರಿಂದ ಅವಳ ಸಾವನ್ನು ಒಂದು ವಾರ ಎಳೆಯುವುದೆಂದು ಚಾನೆಲ್ಲಿನವರು ತೀರ್ಮಾನಿಸಿದ್ದರು. ತುಂಗಮ್ಮ ನನ್ನನ್ನೂ ಜೊತೆಗೆ ಬಾ ಎಂದರು. ಪಾಳಿಗೆ ರಜೆ ಹಾಕಿ ಹೋದೆ. ನಮ್ಮ ಹೊಲದ ಮೇಲಿನ ಆ ಪ್ಲೈವುಡ್ ಮನೆಯಲ್ಲಿ ಮಂಚ ಹಾಕಿದ್ದರು. ಗೋಡೆಯ ಮೇಲೆ ತುಂಗಮ್ಮನ ಫೋಟೊಗೆ ಆಗಲೇ ಗಂಧದ ಹಾರ ಹಾಕಿ, ಮುಂದಿನ ದೃಶ್ಯಕ್ಕೆಂದು ಸಿದ್ಧವಾಗಿಟ್ಟಿದ್ದರು. ಅವರು ಅದನ್ನೊಮ್ಮೆ ನೋಡಿ ಹೋಗಿ ಮಲಗಿದರು. ಮಗನ ಪಾತ್ರದವನು ಕೈ ಹಿಡಿದುಕೊಂಡ. ಕೊನೆಯ ಮಾತನ್ನು ಸ್ವಲ್ಪ ಎಳೆದು ಹೇಳಿ ಅಮ್ಮಾ ಎಂದು ನಿರ್ದೇಶಕ ಹೇಳಿಕೊಟ್ಟ. ದೀಪಗಳು ಹೊತ್ತಿದವು. ಎಲ್ಲರೂ ಕಾದರು.

ತುಂಗಮ್ಮ ಎದ್ದು ಕುಳಿತರು.

‘ಈ ದನೀಲಿ ನಾನು ಸಾಯಲ್ಲಪ್ಪ’ ಎಂದರು. ‘ಬೇರೆ ಯಾವ ದನಿ ಬೇಕಾದ್ರೂ ಕೇಳು, ಎಷ್ಟು ಸಲ ಬೇಕಾದ್ರೂ ಸಾಯ್ತೀನಿ.’

ಹುಡುಗ ಒಳ್ಳೆಯವನು, ಮೊದಲು ಬೇಡಿಕೊಂಡ. ಆಮೇಲೆ ಚಾನೆಲ್ಲಿನವರು ಫೋನಿನಲ್ಲಿ ಒಪ್ಪಂದದ ಮಾತೆತ್ತಿದರು, ಇನ್ನು ಮುಂದೆ ಯಾರೂ ಕರೆಯುವುದಿಲ್ಲ ಎಂದರು. ತುಂಗಮ್ಮ ಹಣೆಯ ಬಣ್ಣ ಒರೆಸಿಕೊಂಡು, ಆ ಗಾಳಿಯ ಮೆಟ್ಟಿಲುಗಳ ಪಕ್ಕದಿಂದ ಹೊರಗೆ ನಡೆದರು. ದಾರಿಯಲ್ಲಿ ನಾನು, ಇಷ್ಟು ವರ್ಷದ ಮೇಲೆ ಬಂದ ಹೆಸರು ಎಂದು ಏನೋ ಹೇಳಹೊರಟೆ. ಅದು ನನ್ನ ಹೆಸರಲ್ಲವಲ್ಲ ಎಂದಷ್ಟೇ ಹೇಳಿದರು.

ಧಾರಾವಾಹಿಯವರು ಮುದುಕಿಯನ್ನು ಕಾಶಿಗೆ ಕಳಿಸಿದರು. ಮಗ ಆಗಾಗ ಫೋನು ಕಿವಿಗಿಟ್ಟು, ಅಮ್ಮ ಚೆನ್ನಾಗಿದ್ದಾಳಂತೆ ಎನ್ನುತ್ತಿದ್ದ. ಆ ಕಡೆಯ ದನಿ ಒಮ್ಮೆಯೂ ಕೇಳಿಸಲಿಲ್ಲ. ಕಥೆ ಮುಗಿಯಿತು, ಅವಳು ಕಾಶಿಯಿಂದ ಬರಲೇ ಇಲ್ಲ. ತುಂಗಮ್ಮನಿಗೂ ಮತ್ತೆ ಕರೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಹರಿಹರದಲ್ಲಿರುವ ತಂಗಿಯ ಮಗಳ ಮನೆಗೆ ಹೊರಟರು. ಈಗಲೂ ಅಲ್ಲೇ ಇದ್ದಾರೆ, ಶಾಲೆಯ ಮಕ್ಕಳಿಗೆ ನಾಟಕ ಹೇಳಿಕೊಡುತ್ತಾರಂತೆ. ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. ತೆಳ್ಳಗಿನ, ಸ್ವಲ್ಪ ಒಡಕು ದನಿ.

ಹೊರಡುವ ಹಿಂದಿನ ಮಧ್ಯಾಹ್ನ ಅವರು ಅಪ್ಪನ ಮುಂದೆ ಕುಳಿತು, ನನ್ನನ್ನೂ ಕೂರಿಸಿಕೊಂಡು, ಎಲ್ಲವನ್ನೂ ಒಪ್ಪಿಕೊಂಡರು. ಇಷ್ಟು ದಿನ ಲಕ್ಕಕ್ಕನ ದನಿಯಲ್ಲಿ ಬಡಿಸಿದ್ದು ತಾನು, ಮೋಸ ಮಾಡಿದೆ, ಮನ್ನಿಸಬೇಕು ಎಂದರು. ಅಪ್ಪ ಅವರ ಕೈ ತಡಕಿ ಹಿಡಿದುಕೊಂಡ.

‘ಮೊದಲ್ನೇ ದಿನವೇ ಗೊತ್ತಿತ್ತು ಕಣ್ ತಾಯಿ. ಬಣ್ಣದ ವಾಸ್ನೆ ಬತ್ತಿತ್ತು ನಿಮ್ ತಾವ. ನನಗೋಸ್ಕರ ಇಷ್ಟು ಕಷ್ಟ ಪಡ್ತಾವ್ರಲ್ಲ ಅಂತ ಉಂಡೆ.’

ತುಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು. ನನಗೆ ಹಗುರವಾಯಿತು. ಹಗುರವಾದದ್ದರಿಂದಲೇ ಕೇಳಿದೆನೋ ಏನೋ. ಅವರು ಕಾಡಿಗೆ ಹೋಗಿದ್ದ ಆ ನಾಲ್ಕು ದಿನ ನೀನೇ ಬಡಿಸಿಕೊಂಡು ಉಂಡೆಯಲ್ಲವೇ ಅಪ್ಪ ಎಂದೆ.

ಅಪ್ಪ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ.

‘ಆ ನಾಕು ದಿನ ವಾಸ್ನೆ ಇರ್ಲಿಲ್ಲ’ ಎಂದ. ‘ಬುದುವಾರ ನಿನ್ನ ಕೂಗುದ್ಲು ಕಣ್ಲಾ. ಬಾಗ್ಲತ್ರ ಓಗಿ, ನಂಜಾ, ನಂಜಾ ಅಂತ ಮೂರ್ ಸಲ ಕೂಗುದ್ಲು. ಅವ್ನಿನ್ನೂ ಡೂಟಿಯಿಂದ ಬಂದಿಲ್ಲ ಕಣೆ ಅಂತ ನಾನೇ ಏಳ್ದೆ.’

ನಾನು ಹೌದಪ್ಪ, ಆವತ್ತು ತಡವಾಗಿತ್ತು ಎಂದೆ. ಆ ಬಾಗಿಲಿನ ಈಚೆ, ಒಂದು ಮೊಳ ದೂರದಲ್ಲಿ, ಹೆಗಲ ಚೀಲವನ್ನೂ ಇಳಿಸದೆ ಉಸಿರು ಬಿಗಿಹಿಡಿದು ನಿಂತಿದ್ದೆನೆಂದು ಅಪ್ಪನಿಗೆ ಹೇಳಲಿಲ್ಲ.